ಫೆರ್ಡೆನ್ ಹರಾಜು: ಎಳೆ ಡ್ರೆಸೇಜ್ ಕುದುರೆಗೆ ಬೆಲೆ ಕಟ್ಟುವುದು ಹೇಗೆ?

ಬ್ರೆಮೆನ್ ಕನ್ನಡಿಗ

ಎಲ್ಲರಿಗೂ ನಮಸ್ಕಾರ. ಕುದುರೆ ಬಲ್ಲವರು ಇಲ್ಲಿ ನಾಲ್ಕೈದು ಜನ ಇದ್ದೀರಿ ಅಂತ ಗೊತ್ತು, ಅದಕ್ಕೇ ಕೇಳುತ್ತಿದ್ದೇನೆ. ಸ್ವಲ್ಪ ಉದ್ದ ಇದೆ, ದಯವಿಟ್ಟು ಓದಿ.

ನಾವು ಜರ್ಮನಿಯ ಬ್ರೆಮೆನ್‌ಗೆ ಬಂದು ಹನ್ನೆರಡು ವರ್ಷ ಆಯಿತು. ಮಗಳಿಗೆ ಈಗ 19. ಎಂಟು ವರ್ಷದಿಂದ ಕ್ಲಬ್ಬಿನ ಕುದುರೆಗಳ ಮೇಲೆ ಡ್ರೆಸೇಜ್ ಕಲಿಯುತ್ತಿದ್ದಾಳೆ. ಗೊತ್ತಿಲ್ಲದವರಿಗೆ ಒಂದು ಮಾತು: ಇದು ಓಟವೂ ಅಲ್ಲ, ಬೇಲಿ ಹಾರುವುದೂ ಅಲ್ಲ. 60 ಮೀಟರ್ ಉದ್ದ, 20 ಮೀಟರ್ ಅಗಲದ ಮರಳಿನ ಅಂಗಳದಲ್ಲಿ ಕುದುರೆ ಸವಾರನ ಸಣ್ಣ ಸೂಚನೆಗೆ ನಡೆಯಬೇಕು, ಓರೆಯಾಗಿ ಸಾಗಬೇಕು, ಮುಂದೆ ಬಂದ ಮೇಲೆ ನಿಂತಲ್ಲೇ ಹೆಜ್ಜೆ ಹಾಕುವುದನ್ನೂ ಕಲಿಯಬೇಕು. ತೀರ್ಪುಗಾರರು ಪ್ರತಿ ಚಲನೆಗೂ 10ಕ್ಕೆ ಇಷ್ಟು ಅಂತ ಅಂಕ ಹಾಕುತ್ತಾರೆ.

ಅವಳಿಗೆ ಈಗ ಸ್ವಂತ ಕುದುರೆ ಬೇಕು. ನಾವು 25,000 ಯೂರೋ ಕೂಡಿಟ್ಟಿದ್ದೇವೆ. ಕಳೆದ ಶನಿವಾರ ಇಬ್ಬರೂ ಫೆರ್ಡೆನ್‌ಗೆ ಹೋಗಿದ್ದೆವು. ಬ್ರೆಮೆನ್ ಮತ್ತು ಹಾನೋಫರ್ ನಡುವಿನ ಸಣ್ಣ ಊರು ಅದು. ಹಾನೋಫೇರಿಯನ್ ತಳಿ ಸಂಘದವರು ಅಲ್ಲಿ 1949ರಿಂದ ಕುದುರೆ ಹರಾಜು ನಡೆಸುತ್ತಿದ್ದಾರೆ. ದೊಡ್ಡ ಸಭಾಂಗಣ, ಜೋರು ಸಂಗೀತ, ದೀಪ, ಚಪ್ಪಾಳೆ. ಒಂದೊಂದು ಕುದುರೆಗೂ ಕೆಲವೇ ನಿಮಿಷ. ಹೆಚ್ಚಿನವು ಮೂರು ನಾಲ್ಕು ವರ್ಷದವು.

ಎರಡು ಕುದುರೆ ನನ್ನ ತಲೆಯಲ್ಲಿ ಉಳಿದಿವೆ. ಮೊದಲನೆಯದು ಕಪ್ಪಿಗೆ ತಿರುಗಿದ ಕಂದು ಬಣ್ಣದ ಗಂಡು. ಟ್ರಾಟ್‌ಗೆ, ಅಂದರೆ ಕುಕ್ಕುಲೋಟಕ್ಕೆ, ಬಂದ ತಕ್ಷಣ ಮುಂಗಾಲನ್ನು ಹೇಗೆ ಎಸೆಯಿತು ಅಂದರೆ ಇಡೀ ಸಭೆ ಓ ಅಂತು. 92,000 ಯೂರೋಗೆ ಹೋಯಿತು. ಅದಾಗಿ ನಾಲ್ಕನೆಯದೋ ಐದನೆಯದೋ ಒಂದು ಕೆಂದು ಬಣ್ಣದ ಹೆಣ್ಣು ಕುದುರೆ ಬಂತು. ಅಚ್ಚುಕಟ್ಟಾಗಿತ್ತು, ಆದರೆ ಯಾರೂ ಓ ಅನ್ನಲಿಲ್ಲ. 16,500ಕ್ಕೆ ಮುಗಿಯಿತು. ಮಗಳು ನನ್ನ ತೋಳು ಹಿಡಿದು, "ಅಪ್ಪಾ ನೋಡಿದ್ರಾ, ಸವಾರ ಲಗಾಮು ಸಡಿಲ ಬಿಟ್ಟ ಕೂಡಲೇ ಅದು ಕುತ್ತಿಗೆ ಕೆಳಗೆ ಚಾಚಿ ಮೂಗಿನಲ್ಲಿ ಉಸಿರು ಬಿಟ್ಟಿತು" ಅಂದಳು. ನನಗೆ ಅದು ಕಾಣಲೇ ಇಲ್ಲ. ನಾನು ಬೆಲೆಯ ಬೋರ್ಡ್ ನೋಡುತ್ತಿದ್ದೆ.

ಮುಂದಿನ ಹರಾಜು ಕೆಲವು ವಾರದಲ್ಲಿದೆ. ಒಂದು ಕುದುರೆ ಇನ್ನೊಂದಕ್ಕಿಂತ ಐದು ಪಟ್ಟು ಜಾಸ್ತಿ ಬಾಳುವುದು ಯಾವ ಲೆಕ್ಕದಲ್ಲಿ? ನಮ್ಮಂಥವರು ಏನು ನೋಡಿ ಬೆಲೆ ಕಟ್ಟಬೇಕು?

ಕುಣಿಗಲ್ ಗೌಡ

ಸ್ವಾಮಿ, ನನಗೆ ಡ್ರೆಸೇಜ್ ಗೊತ್ತಿಲ್ಲ. ಕುಣಿಗಲ್ ಸ್ಟಡ್ ಫಾರಂ ಪಕ್ಕದಲ್ಲೇ ಬೆಳೆದವನು. ರೇಸ್ ಕುದುರೆ ಮರಿಗಳನ್ನು ಬೇಲಿ ಆಚೆಯಿಂದ ನೋಡಿ ಬಲ್ಲೆ. ದನ ಮಾತ್ರ ಚೆನ್ನಾಗಿ ಗೊತ್ತು.

ನಮ್ಮಪ್ಪ ಘಾಟಿ ಸುಬ್ರಹ್ಮಣ್ಯದ ಜಾತ್ರೆಗೆ ಹಳ್ಳಿಕಾರ್ ಹೋರಿ ತರೋಕೆ ಹೋದರೆ ಮೊದಲ ದಿನ ಬೆಲೆಯನ್ನೇ ಕೇಳುತ್ತಿರಲಿಲ್ಲ. ಸುಮ್ನೆ ಓಡಾಡುತ್ತಿದ್ದರು. ಕೊಂಬಿಗೆ ಎಣ್ಣೆ, ಕೊರಳಿಗೆ ಗಂಟೆ, ಮೈಮೇಲೆ ಝೂಲ ಇರುವಾಗ ಎಲ್ಲ ಹೋರಿಯೂ ಚೆನ್ನ. ಸಂಜೆ ಆ ಝೂಲ ತೆಗೆದು ನೀರಿಗೆ ಬಿಡೋಕೆ ಹೊಡೆದುಕೊಂಡು ಹೋಗುತ್ತಾರಲ್ಲ, ಆಗ ಹಿಂದೆ ಹಿಂದೆ ಹೋಗುತ್ತಿದ್ದರು. ಹಿಂಗಾಲು ಮುಂಗಾಲಿನ ಗುರುತಿನ ಮೇಲೆ ಬೀಳುತ್ತದಾ, ಗೊರಸು ಒಂದೇ ಸಮ ಸವೆದಿದೆಯಾ, ಕೆಸರಲ್ಲಿ ಕಾಲು ಎಳೆಯುತ್ತದಾ, ಪಕ್ಕದ ಹೋರಿ ತಳ್ಳಿದರೆ ಏನು ಮಾಡುತ್ತದೆ, ಇಷ್ಟೆಲ್ಲ ನೋಡಿ ಮಾರನೆಯ ದಿನ ಹಲ್ಲು, ಸುಳಿ ನೋಡೋಕೆ ಹೋಗುತ್ತಿದ್ದರು. ಟವಲ್ ಒಳಗೆ ದಲ್ಲಾಳಿಯ ಬೆರಳು ಹಿಡಿಯುವುದು ಅದೆಲ್ಲ ಆದ ಮೇಲೆ.

ನಿಮ್ಮ ಮಗು ನೋಡಿದ್ದೂ ಅದೇ ಥರದ್ದು. ಬೆಳಕು ಸಂಗೀತ ಮುಗಿದ ಮೇಲೆ ಪ್ರಾಣಿ ಹೇಗಿತ್ತು ಅಂತ ನೋಡಿದೆ. ಅದಕ್ಕೆ ಕಣ್ಣಿದೆ. ಅದರ ಮಾತು ಕೇಳಿ.

ಕೊಡಗಿನ ಸವಾರ

ಗೌಡ್ರೇ, ನೀವು ಅರ್ಧ ಉತ್ತರ ಕೊಟ್ಟೇಬಿಟ್ಟಿರಿ. ಉಳಿದ ಅರ್ಧ ನಾನು ಪ್ರಯತ್ನ ಮಾಡುತ್ತೇನೆ.

ನಾನು ಐದು ವರ್ಷ ಕೆಳ ಸಾಕ್ಸನಿಯ ಒಂದು ಲಾಯದಲ್ಲಿ ಕೆಲಸ ಮಾಡಿದೆ. ಎಳೆ ಕುದುರೆಗಳನ್ನು ಪಳಗಿಸಿ ಹರಾಜಿಗೆ ಕಳಿಸುವುದೇ ನಮ್ಮ ಕೆಲಸ. ಹೆಸರು ಬೇಡ. ಅಲ್ಲಿ ಕಲಿತ ಮೊದಲ ಪಾಠ: ಕುದುರೆಗೆ ಮೂರು ನಡೆ, ನಡಿಗೆ, ಟ್ರಾಟ್, ಅದಕ್ಕಿಂತ ವೇಗದ ಕ್ಯಾಂಟರ್; ಇವುಗಳಲ್ಲಿ ಟ್ರಾಟ್ ಒಂದನ್ನು ಚೆನ್ನಾಗಿ ಕಾಣುವ ಹಾಗೆ ಮಾಡಬಹುದು. ನಡಿಗೆ ಮತ್ತು ಕ್ಯಾಂಟರ್ ಹೆಚ್ಚುಕಡಿಮೆ ಹುಟ್ಟಿನಿಂದ ಬಂದದ್ದು.

ಟ್ರಾಟ್ ಹೇಗೆ ದೊಡ್ಡದು ಮಾಡುತ್ತಾರೆ ಅಂದರೆ, ಕುದುರೆಯನ್ನು ಒಂಚೂರು ಬಿಗಿ ಮಾಡಿ, ಒಂಚೂರು ಉದ್ವೇಗಕ್ಕೆ ತಂದು ಮುಂದಕ್ಕೆ ತಳ್ಳಿದರೆ ಸಾಕು. ಹೊಸ ಜಾಗ, ಜನ, ಚಪ್ಪಾಳೆ ಇದ್ದರೆ ಅದರಷ್ಟಕ್ಕೇ ಆಗುತ್ತದೆ. ಬೆನ್ನು ಗಟ್ಟಿಯಾಗುತ್ತದೆ, ಮುಂಗಾಲು ಗಾಳಿಯಲ್ಲಿ ತೇಲುತ್ತದೆ, ಜನಕ್ಕೆ ಖುಷಿ. ಇಲ್ಲಿ ಜರ್ಮನರು ಎರಡು ಬಗೆ ಹೇಳುತ್ತಾರೆ: ಬೆನ್ನಿನಿಂದ ನಡೆಯುವ ಕುದುರೆ, ಕಾಲು ಮಾತ್ರ ಎಸೆಯುವ ಕುದುರೆ. ಎರಡನೆಯದಕ್ಕೆ ಹರಾಜಿನಲ್ಲಿ ದುಡ್ಡು ಜಾಸ್ತಿ. ಐದು ವರ್ಷ ಕಳೆದ ಮೇಲೆ ಉಳಿಯುವುದು ಮೊದಲನೆಯದು.

ಮನೆಯಲ್ಲೇ ಒಂದು ಪರೀಕ್ಷೆ ಮಾಡಿ. ಆ ಕಂದು ಗಂಡಿನ ವಿಡಿಯೋ ಇದ್ದರೆ ಟ್ರಾಟ್‌ನಲ್ಲಿ ನಿಲ್ಲಿಸಿ. ಟ್ರಾಟ್‌ನಲ್ಲಿ ಒಂದು ಮುಂಗಾಲು, ಅದಕ್ಕೆ ಎದುರು ಮೂಲೆಯ ಹಿಂಗಾಲು ಒಟ್ಟಿಗೆ ಏಳುತ್ತವೆ. ಎರಡರ ಮೊಣಕಾಲಿನ ಕೆಳಗಿನ ಭಾಗ ಒಂದೇ ಓರೆಯಲ್ಲಿದೆಯಾ ನೋಡಿ. ಮುಂದಿನದು ಆಕಾಶಕ್ಕೆ, ಹಿಂದಿನದು ನೆಲಕ್ಕೆ ಅಂಟಿಕೊಂಡಿದ್ದರೆ ಆ ಟ್ರಾಟ್ ಮುಂಭಾಗದ್ದು ಮಾತ್ರ. ಆಮೇಲೆ ಬಾಲ ನೋಡಿ. ಸಡಿಲವಾಗಿ ಅತ್ತಿತ್ತ ತೂಗುತ್ತಿದ್ದರೆ ಬೆನ್ನು ಕೆಲಸ ಮಾಡುತ್ತಿದೆ. ಕೋಲಿನ ಹಾಗೆ ನಿಂತಿದ್ದರೆ ಅಥವಾ ಪಟಪಟ ಬಡಿಯುತ್ತಿದ್ದರೆ ಏನೋ ತೊಂದರೆ ಇದೆ.

ಸ್ಪರ್ಧೆಯಲ್ಲಿ ಎಳೆ ಕುದುರೆಗೆ ಅಂಕ ಹೇಗೆ ಕೊಡುತ್ತಾರೆ ಅಂತಲೂ ಯೋಚಿಸಿ. 5 ಮತ್ತು 6 ವರ್ಷದ ಕುದುರೆಗಳ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಐದು ಅಂಕಗಳು: ನಡಿಗೆ, ಟ್ರಾಟ್, ಕ್ಯಾಂಟರ್, ಸವಾರನಿಗೆ ಒಗ್ಗಿಕೊಳ್ಳುವ ಗುಣ, ಮುಂದಿನ ಭರವಸೆ. ಟ್ರಾಟ್ ಐದರಲ್ಲಿ ಒಂದು ಮಾತ್ರ ಅಲ್ವಾ? ಹರಾಜಿನ ಹಾಲ್‌ನಲ್ಲಿ ಕೈ ಎತ್ತಿಸುವುದು ಮಾತ್ರ ಆ ಒಂದೇ.

ಜಯನಗರ ಅಮ್ಮ

ಕೊಡಗಿನ ಸವಾರ ಅವರೇ, ಒಂದು ಪ್ರಶ್ನೆ. ನನ್ನ ಮಗನೂ ಬೆಂಗಳೂರಿನಲ್ಲಿ ಕಲಿಯುತ್ತಿದ್ದಾನೆ. ಅವನು ಹತ್ತುವುದು ರೇಸ್‌ನಿಂದ ನಿವೃತ್ತಿಯಾದ ಕುದುರೆ. ನಡಿಗೆ, ಕ್ಯಾಂಟರ್ ಹುಟ್ಟಿನಿಂದ ಬರುತ್ತದೆ ಅಂದಿರಿ. ಒಳ್ಳೆ ನಡಿಗೆ ಅಂದರೆ ಏನು? ನಮಗೆ ಎಲ್ಲ ಕುದುರೆಯೂ ಒಂದೇ ಥರ ನಡೆದ ಹಾಗೆ ಕಾಣುತ್ತದೆ.

ಕೊಡಗಿನ ಸವಾರ

ಅಮ್ಮಾ, ಕಣ್ಣು ಮುಚ್ಚಿ ಕೇಳಿ. ನಡಿಗೆಯಲ್ಲಿ ನಾಲ್ಕು ಪೆಟ್ಟು, ಒಂದೊಂದಕ್ಕೂ ಒಂದೇ ಅಂತರ: ಟಕ್, ಟಕ್, ಟಕ್, ಟಕ್. ಒಂದೇ ಬದಿಯ ಮುಂಗಾಲು ಹಿಂಗಾಲು ಹತ್ತಿರ ಹತ್ತಿರ ಬಿದ್ದು, ಟಟಕ್, ಟಟಕ್ ಅಂತ ಕೇಳಿದರೆ ಅದು ಕೆಟ್ಟ ಸೂಚನೆ. ಒಂಟೆ ಹಾಗೆ ನಡೆಯುತ್ತದೆ. ಬಿಗಿಯಾದ ಕುದುರೆಯೂ ಹಾಗೇ ನಡೆಯುತ್ತದೆ, ಅದನ್ನು ಸರಿ ಮಾಡುವುದು ಬಹಳ ಕಷ್ಟ. ಆಮೇಲೆ ಗೌಡ್ರ ಅಪ್ಪ ನೋಡಿದ್ದನ್ನು ನೋಡಿ: ಹಿಂಗಾಲು ಮುಂಗಾಲಿನ ಗುರುತು ದಾಟಿ ಬೀಳಬೇಕು. ಆದರೆ ಇದಕ್ಕೂ ಮಿತಿ ಇದೆ. ತೀರಾ ಉದ್ದ ದಾಪುಗಾಲು ಹಾಕುವ ಕುದುರೆಗೆ ಮುಂದೆ ನಡಿಗೆಯನ್ನು ಚಿಕ್ಕದು ಮಾಡಿಸುವಾಗ ತಾಳ ತಪ್ಪುತ್ತದೆ. ಹಾಗಾಗಿ ಕ್ಯಾಟಲಾಗ್‌ನಲ್ಲಿ ನಡಿಗೆಯನ್ನು ಹೊಗಳಿದ್ದರೆ ಅದಷ್ಟಕ್ಕೇ ಮರುಳಾಗಬೇಡಿ.

ಕ್ಯಾಂಟರ್‌ನಲ್ಲಿ ಮೂರು ಪೆಟ್ಟು, ಆಮೇಲೆ ನಾಲ್ಕೂ ಕಾಲು ಗಾಳಿಯಲ್ಲಿರುವ ಒಂದು ಕ್ಷಣ. ಆ ಕ್ಷಣ ಕಾಣಬೇಕು. ಕುದುರೆ ದಿಣ್ಣೆ ಹತ್ತುತ್ತಿರುವ ಹಾಗೆ ಕಾಣಬೇಕು, ಮೂಗು ನೆಲಕ್ಕೆ ಇಳಿಯುವ ಹಾಗಲ್ಲ. ಗ್ರಾಂ ಪ್ರೀ, ಅಂದರೆ ಡ್ರೆಸೇಜ್‌ನ ಅತಿ ಮೇಲಿನ ಮಟ್ಟದಲ್ಲಿ ಪ್ರತಿ ಹೆಜ್ಜೆಗೂ ಕಾಲು ಬದಲಿಸುವುದು, ಒಂದೇ ಜಾಗದಲ್ಲಿ ಕ್ಯಾಂಟರ್‌ನಲ್ಲೇ ಸುತ್ತುವುದು, ಎಲ್ಲ ಇದರ ಮೇಲೆ ನಿಂತಿದೆ. ನನ್ನ ಕೈಗೆ ದುಡ್ಡು ಕೊಟ್ಟು ಒಂದೇ ಒಂದನ್ನು ನೋಡಿ ಕೊಂಡುಕೋ ಅಂದರೆ ಕ್ಯಾಂಟರ್ ನೋಡುತ್ತೇನೆ.

ಮೈಸೂರಿನ ಲೆಕ್ಕಿಗ

ಎಲ್ಲರೂ ಆ 92,000ದ ಕುದುರೆಯನ್ನು ಮೂಲೆಗೆ ತಳ್ಳುತ್ತಿದ್ದೀರಿ. ನಾನು ಒಪ್ಪುವುದಿಲ್ಲ. ಅಷ್ಟು ದುಡ್ಡು ಕೊಟ್ಟವರಿಗೂ ಕಣ್ಣಿದೆ. ಒಬ್ಬರೇ ಅಲ್ಲ, ಅವರ ಹಿಂದೆ 90,000ಕ್ಕೆ ಕೈ ಎತ್ತಿದ ಇನ್ನೊಬ್ಬರೂ ಇದ್ದರು.

ಅವರು ಕೊಂಡಿದ್ದು ಬೇರೆ ವಸ್ತು. ಅದು ಗಂಡು ಅಂದಿರಿ. ಹಿಡ ಮಾಡಿರದಿದ್ದರೆ, ಅಂದರೆ ಬೀಜ ತೆಗೆದಿರದಿದ್ದರೆ, ತಳಿಗೆ ಬಿಡುವ ಲೆಕ್ಕ ಬರುತ್ತದೆ. ವಂಶಾವಳಿಯಲ್ಲಿ ಯಾರಿದ್ದಾರೆ ಅಂತ ನೋಡಿದಿರಾ? ಓಲ್ಡನ್‌ಬರ್ಗ್‌ನ ಡೊನ್ನರ್‌ಹಾಲ್ ಅಂತ ಒಂದು ಗಂಡು ಇತ್ತು, 1981ರಲ್ಲಿ ಹುಟ್ಟಿದ್ದು. ತಾನೇ 1994ರ ಕುದುರೆ ಸವಾರಿಯ ವಿಶ್ವ ಕೂಟದಲ್ಲಿ ತಂಡದ ಚಿನ್ನ ಗೆದ್ದಿತ್ತು. ಅದರ ಮಗ ಡಾನ್ ಶುಫ್ರೋ, ಆ ಡಾನ್ ಶುಫ್ರೋನ ಮಗಳು ವೈಹೆಗೋಲ್ಡ್ 2016ರಲ್ಲಿ ರಿಯೋ ಒಲಿಂಪಿಕ್ಸ್‌ನಲ್ಲಿ ಜರ್ಮನಿಯ ಸವಾರಳು ಇಸಾಬೆಲ್ ವರ್ತ್ ಅವರಿಗೆ ತಂಡದ ಚಿನ್ನ, ವೈಯಕ್ತಿಕ ಬೆಳ್ಳಿ ತಂದುಕೊಟ್ಟಳು. ರಕ್ತದಲ್ಲಿ ಏನೂ ಇಲ್ಲ ಅನ್ನೋಕೆ ಆಗುತ್ತದಾ? ಜರ್ಮನ್ ಸಂಘಗಳು ತಳಿ ಗುಣಕ್ಕೆ ಅಂಕ ಲೆಕ್ಕ ಹಾಕುತ್ತವೆ, ಸರಾಸರಿ 100 ಅಂತ ಇಟ್ಟು ಮೇಲೆ ಕೆಳಗೆ. 140 ಇರುವ ಗಂಡಿನ ಮರಿಗೆ ಜನ ಜಾಸ್ತಿ ಕೊಡುವುದು ತಪ್ಪಲ್ಲ.

ಇನ್ನೊಂದು. ಅದನ್ನು ಕೊಂಡವರು ವೃತ್ತಿಪರ ಸವಾರರಾಗಿದ್ದರೆ ಆ ದೊಡ್ಡ ಟ್ರಾಟ್ ಅವರಿಗೆ ದುಡಿಮೆ. 5 ವರ್ಷಕ್ಕೆ ಚಾಂಪಿಯನ್‌ಷಿಪ್, 6 ವರ್ಷಕ್ಕೆ ಮಾರಾಟ. ಅವರ ಲೆಕ್ಕದಲ್ಲಿ 92,000 ಸರಿ ಇರಬಹುದು. ಸರ್, ನಿಮ್ಮ ಮಗಳು ಯಾವ ಲೆಕ್ಕದಲ್ಲಿದ್ದಾಳೆ ಅಂತ ಮೊದಲು ನಿರ್ಧಾರ ಮಾಡಿ. ಆಮೇಲೆ ಬೆಲೆ.

ಕೊಡಗಿನ ಸವಾರ

ಲೆಕ್ಕಿಗರೇ, ಒಪ್ಪಿದೆ. ಬೆಲೆ ಕೊಳ್ಳುವವರ ಮೇಲೆ ಹೋಗುತ್ತದೆ, ನಿಜ. ಆದರೆ ವೃತ್ತಿಪರರ ಕಣ್ಣೂ ತಪ್ಪುತ್ತದೆ. ಮೂರು ವರ್ಷದಲ್ಲಿ ಯಾರಿಗೂ ಪೂರ್ತಿ ಕಾಣುವುದಿಲ್ಲ, ಅದೇ ಈ ವ್ಯಾಪಾರದ ಕಷ್ಟ. ಗೌಡ್ರ ಊರಿನ ರೇಸ್ ಕುದುರೆ ಎರಡು ಮೂರು ವರ್ಷಕ್ಕೇ ಓಡಿ ತೋರಿಸುತ್ತದೆ, ಗಡಿಯಾರ ಸುಳ್ಳು ಹೇಳುವುದಿಲ್ಲ. ಡ್ರೆಸೇಜ್ ಕುದುರೆ ಗ್ರಾಂ ಪ್ರೀಗೆ ಬರುವುದು ಎಂಟು, ಒಂಬತ್ತು, ಹತ್ತು ವರ್ಷಕ್ಕೆ. ಹೆಚ್ಚಿನವು ಬರುವುದೇ ಇಲ್ಲ.

ವಲೇಗ್ರೋ ಗೊತ್ತಲ್ಲ? 2002ರಲ್ಲಿ ಹುಟ್ಟಿದ ಡಚ್ ಕುದುರೆ. ಬ್ರಿಟನ್ನಿನ ಸವಾರ ಕಾರ್ಲ್ ಹೆಸ್ಟರ್ ಅದನ್ನು ಎರಡೂವರೆ ವರ್ಷಕ್ಕೆ ಕೆಲವೇ ಸಾವಿರಕ್ಕೆ ಕೊಂಡರು. ಮಧ್ಯೆ ಮಾರುವ ಯೋಚನೆಯೂ ಇತ್ತು. ಅದೇ ಕುದುರೆ ಶಾರ್ಲೆಟ್ ಡುಜಾರ್ಡಿನ್ ಅನ್ನುವ ಸವಾರಳ ಜೊತೆ 2012ರಲ್ಲಿ ಲಂಡನ್, 2016ರಲ್ಲಿ ರಿಯೋ ಚಿನ್ನ ಗೆದ್ದಿತು. 2014ರ ಡಿಸೆಂಬರ್‌ನಲ್ಲಿ ಸಂಗೀತದ ಸುತ್ತಿನಲ್ಲಿ 94.3 ಶೇಕಡಾ ತೆಗೆದು ವಿಶ್ವ ದಾಖಲೆ ಮಾಡಿತು. ಅದರ ಕಾಲು ಎಲ್ಲರಿಗಿಂತ ಎತ್ತರ ಹೋಗುತ್ತಿತ್ತು ಅಂತಲ್ಲ. ಕ್ಯಾಂಟರ್ ಬಲವಾಗಿತ್ತು, ಕೆಲಸದ ಮೇಲೆ ಆಸೆ ಇತ್ತು, ಸವಾರಳನ್ನು ನಂಬುತ್ತಿತ್ತು.

ಇನ್ನೊಂದು ಕಡೆ ಪೋಯೆಟಿನ್ ಅನ್ನುವ ಹೆಣ್ಣು. 6 ವರ್ಷದವರ ವಿಶ್ವ ಚಾಂಪಿಯನ್. 2003ರಲ್ಲಿ ಹರಾಜಿನಲ್ಲಿ 25 ಲಕ್ಷ ಯೂರೋ. 2005ರಲ್ಲಿ ಗೊರಸಿನ ಒಳ ಉರಿಯೂತದಿಂದ ತೀರಿಕೊಂಡಳು. ಅವಳ ಚಲನೆಯ ವಿಡಿಯೋ ನೋಡಿದರೆ ಈಗಲೂ ನನಗೆ ಹೊಟ್ಟೆ ಸಂಕಟ ಆಗುತ್ತದೆ.

ಟೋಟಿಲಾಸ್ ಅಂತ ಇನ್ನೊಂದು, ಅದು ಎಳೆಯದಲ್ಲ, ಪೂರ್ತಿ ತಯಾರಾದ ಕುದುರೆ. 2010ರಲ್ಲಿ ಕೆಂಟಕಿಯ ವಿಶ್ವ ಕೂಟದಲ್ಲಿ ಸವಾರ ಎಡ್ವರ್ಡ್ ಗಾಲ್ ಜೊತೆ ಮೂರು ಚಿನ್ನ ಗೆದ್ದು ಜರ್ಮನಿಗೆ ಮಾರಾಟವಾಯಿತು. ಹೊಸ ಸವಾರನ ಜೊತೆ ಆ ದಿನಗಳು ಮತ್ತೆ ಬರಲಿಲ್ಲ. ಹಾಗಾಗಿ ಬೆಲೆ ಕಟ್ಟುವಾಗ ಮುಂದೆ ಹತ್ತುವವರು ಯಾರು ಅನ್ನುವುದನ್ನೂ ಸೇರಿಸಬೇಕು.

ಹೆಬ್ಬಾಳದ ಡಾಕ್ಟರ್

ನಾನು ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ಓದಿ, ಈಗ ಜರ್ಮನಿಯ ಒಂದು ಕುದುರೆ ಆಸ್ಪತ್ರೆಯಲ್ಲಿ ಇದ್ದೇನೆ. ಚಲನೆ ಬಗ್ಗೆ ಸವಾರರು ಹೇಳಿದ್ದಾರೆ. ನಾನು ಒಳಗಿನ ವಿಷಯ ಹೇಳುತ್ತೇನೆ.

ದೊಡ್ಡ ಹರಾಜುಗಳಲ್ಲಿ ಪ್ರತಿ ಕುದುರೆಗೂ ವೈದ್ಯಕೀಯ ವರದಿ, ಎಕ್ಸ್‌ರೇ ಸಿದ್ಧ ಇರುತ್ತದೆ. ಕೇಳಿದರೆ ತೋರಿಸುತ್ತಾರೆ. ಕೇಳದೆ ಕೈ ಎತ್ತುವವರನ್ನು ನೋಡಿದರೆ ನನಗೆ ಬೇಜಾರಾಗುತ್ತದೆ. ಆ ವರದಿಯನ್ನು ನಿಮ್ಮ ಡಾಕ್ಟರ್‌ಗೆ ಓದಿಸಿ, ಮಾರುವವರ ಡಾಕ್ಟರ್‌ಗೆ ಅಲ್ಲ.

ಮೊದಲು ಜರ್ಮನಿಯಲ್ಲಿ ಎಕ್ಸ್‌ರೇಗೆ 1ರಿಂದ 4ರವರೆಗೆ ದರ್ಜೆ ಕೊಡುತ್ತಿದ್ದರು. ಜನ ಒಂದನೇ ದರ್ಜೆ ಅಂದರೆ ಗಟ್ಟಿ ಕುದುರೆ, ಮೂರು ಅಂದರೆ ಕೆಟ್ಟದು ಅಂತ ಅಂಗಡಿಯಲ್ಲಿ ಅಕ್ಕಿ ಆರಿಸಿದ ಹಾಗೆ ಆರಿಸೋಕೆ ಶುರು ಮಾಡಿದರು. 2018ರಲ್ಲಿ ಆ ದರ್ಜೆ ತೆಗೆದುಹಾಕಿದರು. ಈಗ ಏನು ಕಂಡಿತು, ಅದರಲ್ಲಿ ಕುಂಟುವ ಅಪಾಯ ಇದೆಯಾ ಅಂತ ಬರೆಯುತ್ತಾರೆ. ಇದು ಒಳ್ಳೆಯದಾಯಿತು. ಮೂಳೆಯಲ್ಲಿ ಒಂದು ಗೆರೆ ಹೆಚ್ಚುಕಡಿಮೆ ಇದ್ದ ಮಾತ್ರಕ್ಕೆ ಕುದುರೆ ಕುಂಟುವುದಿಲ್ಲ. ಇಲ್ಲಿನ ಅತ್ಯುನ್ನತ ನ್ಯಾಯಾಲಯವೂ 2017ರಲ್ಲಿ ಇದನ್ನೇ ಹೇಳಿತು. 5 ಲಕ್ಷ ಯೂರೋ ಕೊಟ್ಟು ಕೊಂಡ ಡ್ರೆಸೇಜ್ ಕುದುರೆಯ ಎಕ್ಸ್‌ರೇನಲ್ಲಿ ಏನೋ ವ್ಯತ್ಯಾಸ ಇದೆ ಅಂತ ಕೇಸ್ ಹಾಕಿದ್ದರು. ಪ್ರಾಣಿ ಜೀವ ಇರುವಂಥದ್ದು, ಪುಸ್ತಕದ ಚಿತ್ರದ ಹಾಗೆ ಇರಬೇಕು ಅಂತ ಕೇಳೋಕೆ ಆಗುವುದಿಲ್ಲ ಅನ್ನುವ ಅರ್ಥದ ತೀರ್ಪು ಬಂತು. ಹಾಗಾಗಿ ಆಮೇಲೆ ಕೋರ್ಟ್‌ಗೆ ಹೋಗಬಹುದು ಅನ್ನುವ ಧೈರ್ಯದಲ್ಲಿ ಕೊಳ್ಳಬೇಡಿ. ಮುಂಚೆಯೇ ನೋಡಿ.

ನಾನು ಏನು ನೋಡುತ್ತೇನೆ ಅಂದರೆ, ಹಿಂಗಾಲಿನ ಕೀಲುಗಳಲ್ಲಿ ಮೂಳೆಯ ಚೂರು ಇದೆಯಾ. ಇದ್ದರೆ ಆಪರೇಷನ್ ಮಾಡಿ ತೆಗೆಯಬಹುದು, ಆ ಖರ್ಚು ಬೆಲೆಯಲ್ಲಿ ಕಳೆಯಬೇಕು. ಬೆನ್ನುಮೂಳೆಯ ಮೇಲಿನ ಮುಳ್ಳುಗಳು ಒಂದಕ್ಕೊಂದು ತಾಗುತ್ತಿವೆಯಾ. ಕುತ್ತಿಗೆ ಹೇಗಿದೆ. ಕ್ಯಾಂಟರ್ ಮಾಡುವಾಗ ಉಸಿರಿನಲ್ಲಿ ಸೀಟಿ ಥರ ಸದ್ದು ಬರುತ್ತದಾ. ಲಾಯದಲ್ಲಿ ಮರ ಕಚ್ಚಿ ಗಾಳಿ ನುಂಗುತ್ತದಾ. ಈ ಕೊನೆಯ ಎರಡು ಹೊಸ ವಿಷಯವೇನಲ್ಲ. 1899ರ ಜರ್ಮನ್ ಕಾನೂನಿನಲ್ಲಿ ಕುದುರೆಯ ದೊಡ್ಡ ದೋಷ ಅಂತ ಆರನ್ನೇ ಪಟ್ಟಿ ಮಾಡಿದ್ದರು, ಅದರಲ್ಲಿ ಇವೆರಡೂ ಇದ್ದವು. ಆ ಪಟ್ಟಿ 2001ರ ಕೊನೆಯವರೆಗೂ ನಡೆಯಿತು.

ಎಲ್ಲಕ್ಕಿಂತ ಮುಖ್ಯ, ವಯಸ್ಸು. ಬೆನ್ನುಮೂಳೆಯ ಬೆಳವಣಿಗೆ ಐದಾರು ವರ್ಷದವರೆಗೂ ಮುಗಿಯುವುದಿಲ್ಲ. ಮೂರು ವರ್ಷದ ಕುದುರೆ ಏಳು ವರ್ಷದ್ದರ ಹಾಗೆ ಕತ್ತು ಎತ್ತಿ, ಹಿಂಭಾಗ ಕುಗ್ಗಿಸಿ ತೋರಿಸುತ್ತಿದ್ದರೆ ನಾನು ಖುಷಿ ಪಡುವುದಿಲ್ಲ. ಯಾರೋ ಅದರ ನಾಳೆಯನ್ನು ಇವತ್ತೇ ಖರ್ಚು ಮಾಡಿದ್ದಾರೆ.

ಬ್ರೆಮೆನ್ ಕನ್ನಡಿಗ

ಎಲ್ಲರಿಗೂ ಧನ್ಯವಾದ. ಡಾಕ್ಟರ್ ಮೇಡಂ, ನಿಮ್ಮ ಮಾತನ್ನು ಪ್ರಿಂಟ್ ತೆಗೆದು ಅಡುಗೆಮನೆಯಲ್ಲಿ ಅಂಟಿಸಿದ್ದೇನೆ.

ಲೆಕ್ಕಿಗರು ಕೇಳಿದ್ದಕ್ಕೆ ಕೂತು ಲೆಕ್ಕ ಹಾಕಿದೆ. ಸುತ್ತಿಗೆ ಬಿದ್ದ ಬೆಲೆ ಕೊನೆಯ ಬೆಲೆ ಅಲ್ಲ ಅಂತ ಈಗ ಗೊತ್ತಾಯಿತು. ಅದರ ಮೇಲೆ ಹರಾಜಿನವರ ಕಮಿಷನ್, ವಿಮೆ, ತೆರಿಗೆ. ಮಾರುವವರು ಯಾರು ಅನ್ನುವುದರ ಮೇಲೆ ತೆರಿಗೆ ಬದಲಾಗುತ್ತದೆ, ಪೂರ್ತಿ ಬಿದ್ದರೆ 19 ಶೇಕಡಾ. ಹಾಗಾಗಿ 25,000 ಇಟ್ಟುಕೊಂಡು ನಾನು ಕೂಗಬಹುದಾದ್ದು 19,000. ಆಮೇಲೆ ನಮ್ಮ ಕ್ಲಬ್‌ನಲ್ಲಿ ಲಾಯದ ಬಾಡಿಗೆ ಮೇವು ಸೇರಿ ತಿಂಗಳಿಗೆ 480. ಎಳೆ ಕುದುರೆಯನ್ನು ಮಗಳೊಬ್ಬಳೇ ತಯಾರು ಮಾಡಲಾರಳು, ಟ್ರೈನರ್‌ಗೆ 420. ತಿಂಗಳಿಗೆ 900, ಮೂರು ವರ್ಷಕ್ಕೆ 32,400. ಲಾಳ, ಡಾಕ್ಟರ್ ಬೇರೆ. ಕೊಳ್ಳುವ ಬೆಲೆಗಿಂತ ಸಾಕುವ ಬೆಲೆಯೇ ದೊಡ್ಡದು. ಇದನ್ನು ನೋಡಿ ಹೆಂಡತಿ ಎರಡು ದಿನ ಮಾತಾಡಲಿಲ್ಲ, ಮೂರನೇ ದಿನ "ಸರಿ, ಆದರೆ ಹುಷಾರಾಗಿ" ಅಂದಳು.

ಮುಂದಿನ ವಾರ ಹರಾಜಿನ ಮುಂಚೆ ಸವಾರಿ ಮಾಡಿ ನೋಡುವ ದಿನಗಳಿವೆ. ಕ್ಯಾಟಲಾಗ್‌ನಲ್ಲಿ ಮೂರನ್ನು ಗುರುತು ಹಾಕಿದ್ದೇವೆ. ಏನು ಮಾಡಬೇಕು ಹೇಳಿ.

ಕೊಡಗಿನ ಸವಾರ

ಬೇಗ ಹೋಗಿ. ಜೀನು ಹಾಕುವ ಮುಂಚೆಯೇ ಲಾಯದ ಮುಂದೆ ನಿಂತಿರಿ. ಜೀನಿನ ಪಟ್ಟಿ ಬಿಗಿಯುವಾಗ ಕಿವಿ ಹಿಂದೆ ಮಡಚುತ್ತದಾ, ಕಚ್ಚೋಕೆ ಬರುತ್ತದಾ ನೋಡಿ. ಮೊದಲು ಅವರ ಸವಾರ ಹತ್ತಲಿ. ಆಮೇಲೆ ಮಗಳು. ಟ್ರಾಟ್ ಬೇಡ, ಮೊದಲು ಹತ್ತು ನಿಮಿಷ ಬರೀ ನಡಿಗೆ. ಲಗಾಮು ಉದ್ದ ಬಿಟ್ಟರೆ ಕುತ್ತಿಗೆ ಕೆಳಗೆ ಮುಂದಕ್ಕೆ ಚಾಚಬೇಕು. ಎರಡೂ ಕಡೆ ಸುತ್ತು ಹಾಕಿಸಿ, ಒಂದು ಕಡೆ ಚೆನ್ನ ಇನ್ನೊಂದು ಕಡೆ ಗಟ್ಟಿ ಅಂದರೆ ಎಳೆ ಕುದುರೆಗೆ ಸಹಜ, ಆದರೆ ತೀರಾ ವ್ಯತ್ಯಾಸ ಇರಬಾರದು. ಬೇರೆ ಕುದುರೆಗಳೆಲ್ಲ ಹೊರಗೆ ಹೋದಾಗ ಇದು ಒಂದೇ ಉಳಿದರೆ ಏನು ಮಾಡುತ್ತದೆ ನೋಡಿ. ಮಗಳು ಒಂದು ತಪ್ಪು ಸೂಚನೆ ಕೊಟ್ಟರೆ ಕ್ಷಮಿಸುತ್ತದಾ ನೋಡಿ. ಮರುದಿನ ಮತ್ತೆ ಹೋಗಿ. ನಿನ್ನೆ ಇದ್ದ ಕುದುರೆಯೇ ಇವತ್ತೂ ಸಿಗಬೇಕು.

ಜಯನಗರ ಅಮ್ಮ

ಸರ್, ನಿಮ್ಮ ಮಗಳು ಅದೃಷ್ಟವಂತೆ, ಹತ್ತಿ ನೋಡೋಕೆ ಹತ್ತಿರವೇ ಇದ್ದಾಳೆ. ಇಲ್ಲಿಂದ ಕೊಳ್ಳುವವರು ವಿಡಿಯೋ ನೋಡಿಯೇ ನಿರ್ಧಾರ ಮಾಡಬೇಕು, ಇಲ್ಲ ಅಂದರೆ ಮಕ್ಕಳನ್ನೇ ಯುರೋಪಿಗೆ ಕಳಿಸಬೇಕು. 2023ರಲ್ಲಿ ಹಾಂಗ್‌ಝೌನಲ್ಲಿ ನಮ್ಮ ಡ್ರೆಸೇಜ್ ತಂಡ ಏಷ್ಯನ್ ಗೇಮ್ಸ್ ಚಿನ್ನ ಗೆದ್ದಾಗ ಮನೆಯಲ್ಲಿ ಎಲ್ಲರೂ ಅತ್ತಿದ್ದೆವು, ಕುದುರೆ ಸವಾರಿಯಲ್ಲಿ 41 ವರ್ಷಕ್ಕೆ ಬಂದ ಚಿನ್ನ. ಆ ಮಕ್ಕಳು ಯುರೋಪಿನಲ್ಲೇ ಇದ್ದು ತಯಾರಾದವರು. ಪ್ಯಾರಿಸ್ ಒಲಿಂಪಿಕ್ಸ್‌ಗೆ ಹೋದ ಅನುಷ್ ಅಗರ್ವಾಲಾ ಅವರ ಕುದುರೆ ಸರ್ ಕ್ಯಾರಮೆಲೊ ಓಲ್ಡ್, ಆ ಓಲ್ಡ್ ಅನ್ನುವುದು ಓಲ್ಡನ್‌ಬರ್ಗ್ ತಳಿಯ ಗುರುತು ಅಂತ ಮಗ ಹೇಳಿದ. ನಮ್ಮ ಬೆಂಗಳೂರಿನ ಫೌಆದ್ ಮಿರ್ಜಾ ಟೋಕಿಯೋದಲ್ಲಿ ಹತ್ತಿದ ಸೆನ್ಯೋರ್ ಮೆಡಿಕಾಟ್ ಕೂಡ ಜರ್ಮನಿಯಲ್ಲಿ ಬೇರೆ ಸವಾರರು ಮೊದಲೇ ತಯಾರು ಮಾಡಿದ್ದ ಕುದುರೆ. ಅದಕ್ಕೆ ಕೇಳುತ್ತೇನೆ, ಕಲಿಯುವ ಹುಡುಗಿಗೆ ಮೂರು ವರ್ಷದ ಕುದುರೆಯೇ ಯಾಕೆ? ಹತ್ತು ವರ್ಷದ, ಎಲ್ಲ ಗೊತ್ತಿರುವ ಕುದುರೆ ಅವಳಿಗೆ ಕಲಿಸುವುದಿಲ್ವಾ?

ಹೆಬ್ಬಾಳದ ಡಾಕ್ಟರ್

ಅಮ್ಮ ಹೇಳಿದ್ದು ನೂರಕ್ಕೆ ನೂರು ಸರಿ. ಆದರೆ 25,000ಕ್ಕೆ ಸಿಗುವ ಹತ್ತು ವರ್ಷದ ಕಲಿತ ಕುದುರೆಯ ಎಕ್ಸ್‌ರೇ ಇನ್ನೂ ಜಾಗ್ರತೆಯಿಂದ ಓದಬೇಕು. ಅಷ್ಟು ಕಡಿಮೆಗೆ ಯಾಕೆ ಕೊಡುತ್ತಿದ್ದಾರೆ ಅಂತ ಕೇಳಲೇಬೇಕು. ಮಧ್ಯದ ದಾರಿ ಇದೆ: ಐದಾರು ವರ್ಷದ್ದು, ತಳಿ ಮಾಡುವ ರೈತರ ಮನೆಯಲ್ಲೇ ಇದ್ದು ನಿಧಾನವಾಗಿ ಪಳಗಿದ್ದು. ಅವು ಹರಾಜಿನ ದೀಪದ ಕೆಳಗೆ ಬರುವುದು ಕಡಿಮೆ.

ಬ್ರೆಮೆನ್ ಕನ್ನಡಿಗ

ಹೋಗಿ ಬಂದೆವು. ಬರೆಯಲೇಬೇಕು.

ಮೂರರಲ್ಲಿ ಒಂದನ್ನು ಲಾಯದಲ್ಲೇ ಬಿಟ್ಟೆವು. ಬಾಗಿಲ ಮರದ ಅಂಚು ಹಲ್ಲಿನ ಗುರುತಿನಿಂದ ಸವೆದಿತ್ತು, ನಾವು ನಿಂತಿದ್ದಾಗಲೇ ಅದು ಮರ ಕಚ್ಚಿ ಗಂಟಲಿನಿಂದ ಒಂದು ಸದ್ದು ಮಾಡಿತು. ಎರಡನೆಯದು ಬಹಳ ಚೆಂದ, ಆದರೆ ನಡಿಗೆಯಲ್ಲಿ ಕಣ್ಣು ಮುಚ್ಚಿದರೆ ಟಟಕ್ ಟಟಕ್ ಅಂತ ಕೇಳಿತು. ಸವಾರ ಅವರೇ, ನೀವು ಹೇಳದಿದ್ದರೆ ನನಗೆ ಗೊತ್ತೇ ಆಗುತ್ತಿರಲಿಲ್ಲ.

ಮೂರನೆಯದು ನಾಲ್ಕು ವರ್ಷದ ಕಂದು ಹೆಣ್ಣು, ಹಣೆಯಲ್ಲಿ ಸಣ್ಣ ಬಿಳಿ ಚುಕ್ಕೆ. ಮಗಳು ಹತ್ತಿದಾಗ ಹಾಲ್‌ನ ಬಾಗಿಲು ಗಾಳಿಗೆ ಧಡ್ ಅಂತ ಬಡಿಯಿತು. ಕುದುರೆ ಒಂದು ಅಡಿ ಪಕ್ಕಕ್ಕೆ ಜಿಗಿದು ನಿಂತಿತು, ಒಂದು ಕಿವಿ ಬಾಗಿಲ ಕಡೆ, ಇನ್ನೊಂದು ಹಿಂದೆ ಮಗಳ ಕಡೆ. ಅವಳು ಕತ್ತಿನ ಮೇಲೆ ಕೈ ಇಟ್ಟಳು, ಏನೂ ಹೇಳಲಿಲ್ಲ. ಅದು ಮುಂದೆ ನಡೆಯಿತು. ಮುಂದಿನ ಸುತ್ತಿನಲ್ಲಿ ಅದೇ ಬಾಗಿಲ ಹತ್ತಿರ ಬಂದಾಗ ನಿಧಾನ ಆಯಿತು, ಆದರೆ ನಿಲ್ಲಲಿಲ್ಲ. ಕ್ಯಾಂಟರ್ ಚಿಕ್ಕದು, ಆದರೆ ಗಾಳಿಯಲ್ಲಿರುವ ಆ ಕ್ಷಣ ನನಗೂ ಕಂಡಿತು. ಮರುದಿನ ಹೋದಾಗ ಅದೇ ಕುದುರೆ ಸಿಕ್ಕಿತು. ಎಕ್ಸ್‌ರೇ ನಮ್ಮ ಡಾಕ್ಟರ್ ನೋಡಿದರು, ಅಂಥದ್ದೇನೂ ಇಲ್ಲ ಅಂದರು.

ಹರಾಜಿನ ದಿನ 17,000ದವರೆಗೆ ನಮ್ಮ ಜೊತೆ ಒಬ್ಬರೇ ಇದ್ದರು. 18,000ಕ್ಕೆ ಆನ್‌ಲೈನ್‌ನಲ್ಲಿ ಇನ್ಯಾರೋ ಬಂದರು. ನಾನು 19,000 ಕೂಗಿದೆ. 20,000 ಬಂತು. ಕೈ ಎದ್ದೇಬಿಟ್ಟಿತ್ತು, ಮಗಳೇ ಮಣಿಕಟ್ಟು ಹಿಡಿದು ಕೆಳಗೆ ಇಳಿಸಿದಳು. 23,500ಕ್ಕೆ ಹೋಯಿತು. ಕಾರಿನಲ್ಲಿ ಅವಳು ಬ್ರೆಮೆನ್ ಬರುವವರೆಗೂ ಕಿಟಕಿ ಆಚೆ ನೋಡುತ್ತಿದ್ದಳು. ನನಗೂ ಮಾತು ಬರಲಿಲ್ಲ.

ಕುಣಿಗಲ್ ಗೌಡ

ಮಗು ನಿಮ್ಮ ಕೈ ಹಿಡಿದದ್ದು ಸರಿ ಸ್ವಾಮಿ. ನಮ್ಮಪ್ಪ ಮೂರು ಜಾತ್ರೆ ಬರಿಗೈಲಿ ಬಂದಿದ್ದರು. ನಾಲ್ಕನೆಯದರಲ್ಲಿ ತಂದ ಜೋಡಿ ಹನ್ನೊಂದು ವರ್ಷ ನಮ್ಮ ಹೊಲ ಉತ್ತಿತು.

ಬ್ರೆಮೆನ್ ಕನ್ನಡಿಗ

ಗೌಡ್ರೇ, ನಿಮ್ಮ ಮಾತನ್ನು ಮಗಳಿಗೆ ಓದಿ ಹೇಳಿದೆ, ಎರಡು ಸಲ ಓದಿಸಿಕೊಂಡಳು.

ಡಾಕ್ಟರ್ ಮೇಡಂ ಹೇಳಿದ ಹಾಗೆ ಒಬ್ಬ ರೈತರ ವಿಳಾಸ ಸಿಕ್ಕಿದೆ, ಆಲರ್ ನದಿ ಕಡೆ. ಐದು ವರ್ಷದ ಗಂಡು, ಹಿಡ ಮಾಡಿದ್ದು. ಕಳೆದ ವರ್ಷ ಕಾಲಿಗೆ ಗಾಯ ಆಗಿ ಆರು ತಿಂಗಳು ಹುಲ್ಲುಗಾವಲಿನಲ್ಲಿ ಬಿಟ್ಟಿದ್ದರಂತೆ, ಅವರೇ ಮೊದಲು ಹೇಳಿದರು. 15,000 ಕೇಳುತ್ತಿದ್ದಾರೆ. ಶನಿವಾರ ಬೆಳಿಗ್ಗೆ ಏಳಕ್ಕೆ ಹೋಗುತ್ತೇವೆ, ಮೇವು ಹಾಕುವ ಹೊತ್ತಿಗೆ.

ಹೆಬ್ಬಾಳದ ಡಾಕ್ಟರ್

ಯಾವ ಕಾಲು, ಸ್ನಾಯುರಜ್ಜುವಾ ಮೂಳೆಯಾ ಕೇಳಿ. ಗಾಯ ಆದಾಗಿನ ಸ್ಕ್ಯಾನ್, ಈಗಿನ ಸ್ಕ್ಯಾನ್ ಎರಡೂ ಬೇಕು. ಗಟ್ಟಿ ನೆಲದ ಮೇಲೆ ಟ್ರಾಟ್ ಮಾಡಿಸಿ, ಪಕ್ಕದಿಂದ ವಿಡಿಯೋ ತೆಗೆಯಿರಿ, ಎರಡೂ ಕಡೆಯಿಂದ. ಭಾನುವಾರ ನನಗೆ ರಜೆ, ಕೂತು ನೋಡುತ್ತೇನೆ.